ಬಿಯರಿಗೆ ಗಾಳಿ ತಾಗಿದಾಗ

ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ 1767ರಲ್ಲಿ ಧರ್ಮೋಪದೇಶಕನಾಗಿ ಬಂದ ಜೋಸೆಫ್ ಪ್ರೀಸ್ಟ್ಲಿಯು ಮೊದಲು ಬಿಡಾರ ಹೂಡಿದ್ದು ಒಂದು ಬಿಯರ್ ಕಾರ್ಖಾನೆಯ ನೆರೆಯಲ್ಲಿ. ಹುದುಗುತ್ತಿರುವ ತೊಟ್ಟಿಗಳ ಮೇಲೆ ಸುಮಾರು ಒಂದು ಅಡಿಯ ದಪ್ಪಕ್ಕೆ ನೆಲಸಿರುತ್ತಿದ್ದ, ಉರಿಯುವ ಕಡ್ಡಿಯನ್ನು ಇಳಿಯಬಿಟ್ಟರೆ ಕ್ಷಣಾರ್ಧದಲ್ಲಿ ನಂದಿಸಿಬಿಡುತ್ತಿದ್ದ ಒಂದು ವಾಯುವು ಆತನ ಕುತೂಹಲವನ್ನು ಕೆರಳಿಸಿತು. ಅದನ್ನು ನೀರಿನಲ್ಲಿ ಕರಗಿಸುವ ವಿಧಾನವನ್ನು ವಿವರಿಸಿ ಆತನು 1772ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಿಂದಲೇ ಇಂದಿನ ಸೋಡಾ ನೀರಿನ ವಂಶಾವಳಿ ಮೊದಲಾಗುವುದು. ಅದಾದ ಎರಡು ವರ್ಷಕ್ಕೆ, 1774ರ ಆಗಸ್ಟ್ ತಿಂಗಳಿನಲ್ಲಿ, ಪಾದರಸದ ಕೆಂಪು ಭಸ್ಮದ ಮೇಲೆ ಭೂತಗನ್ನಡಿಯಿಂದ ಸೂರ್ಯಕಿರಣಗಳನ್ನು ಕೇಂದ್ರೀಕರಿಸಿ, ಉರಿಯುವ ದೀಪವನ್ನು ಇನ್ನಷ್ಟು ಪ್ರಜ್ವಲಿಸುವ ಮತ್ತೊಂದು ವಾಯುವನ್ನು ಬಿಡಿಸಿ ತೆಗೆದವನೂ ಆತನೇ. ಮೊದಲನೆಯದು ಇಂಗಾಲಾಮ್ಲ ವಾಯು, ಎಂದರೆ ಇಂಗಾಲದ ಡೈಆಕ್ಸೈಡ್; ಎರಡನೆಯದು ಆಮ್ಲಜನಕ. ಮನೆಯಲ್ಲಿ ಬಿಯರು ತಯಾರಿಸುವವನ ಭಾಗ್ಯವೂ ದೌರ್ಭಾಗ್ಯವೂ ಬಹುಮಟ್ಟಿಗೆ ಈ ಎರಡು ವಾಯುಗಳ ವ್ಯವಹಾರದಲ್ಲಿಯೇ ಅಡಗಿರುವುದರಿಂದ, ಒಬ್ಬನೇ ಮನುಷ್ಯನು ಎರಡನ್ನೂ ಪರಿಶೋಧಿಸಿದ ಈ ಸಂಗತಿಯನ್ನು ಆರಂಭದಲ್ಲಿ ಹೇಳದೆ ಮುಂದುವರಿಯಲು ಮನಸ್ಸಾಗಲಿಲ್ಲ.

ಮನೆಯ ಬಿಯರು ಪಾಶ್ಚಾತ್ಯ ದೇಶಗಳಲ್ಲಿ ಬಹು ಪುರಾತನವಾದ ಗೃಹಕೃತ್ಯವಾದರೂ, ಇಂದು ಕಾಣುವ ಹವ್ಯಾಸದ ರೂಪವು ಅದಕ್ಕೆ ಬಂದುದು ತೀರ ಈಚೆಗೆ. ಬ್ರಿಟನ್ನಿನಲ್ಲಿ 1880ರ ಶಾಸನವು ವಿಧಿಸಿದ್ದ ಪರವಾನಗಿಯ ಕಟ್ಟುಪಾಡನ್ನು 1963ರಲ್ಲಿ ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ ತೆಗೆದುಹಾಕಿದನು. ಅಮೆರಿಕದಲ್ಲಿ ಪಾನನಿರೋಧವು 1933ರಲ್ಲಿ ಕೊನೆಗೊಂಡಾಗ ಮನೆಯಲ್ಲಿ ದ್ರಾಕ್ಷಾರಸವನ್ನು ಮಾಡಿಕೊಳ್ಳಲು ಅವಕಾಶ ದೊರೆಯಿತಾದರೂ ಬಿಯರಿಗೆ ಆ ಭಾಗ್ಯ ಬರಲಿಲ್ಲ. ಅದು ಬರಬೇಕಾದರೆ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರನ ರುಜು ಬೀಳುವ ತನಕ ಕಾಯಬೇಕಾಯಿತು. ಅಂದಿನಿಂದ ಅಲ್ಲಿ ವಯಸ್ಕನೊಬ್ಬನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ತೆರಿಗೆಯಿಲ್ಲದೆ ಸಲ್ಲುತ್ತದೆ. ಕೊಲರಾಡೋದ ಬೌಲ್ಡರ್ ಪಟ್ಟಣದಲ್ಲಿ ಈ ವಿದ್ಯೆಯನ್ನು ಬೋಧಿಸುತ್ತಿದ್ದ ಚಾರ್ಲಿ ಪಪೇಜಿಯನ್ ಅದೇ ವರ್ಷ ಮನೆ-ಬಿಯರುಗಾರರ ಸಂಘವೊಂದನ್ನು ಕಟ್ಟಿದನು. 1984ರಲ್ಲಿ ಪ್ರಕಟವಾದ ಆತನ ಗ್ರಂಥವು ಆ ದೇಶದ ಹವ್ಯಾಸಿಗಳಿಗೆ ಪಠ್ಯವೇ ಆಯಿತು. ಗಾಬರಿಪಡದಿರುವುದೇ ಆತನ ಉಪದೇಶದ ಸಾರ. ಅದು ಕೇವಲ ಸಮಾಧಾನದ ಮಾತೆಂದು ಅನೇಕರು ನಗುವುದುಂಟು. ಆದರೆ ಅದರ ಹಿಂದೆ ರಸಾಯನಶಾಸ್ತ್ರವೂ ಇರುವುದನ್ನು ಮುಂದೆ ನೋಡೋಣ. ನಮ್ಮಲ್ಲಿಯ ಮಾತು ಬೇರೆ: 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ. ಆದ್ದರಿಂದ ಈ ಲೇಖನವನ್ನು ಇಲ್ಲಿಯ ವಾಚಕರು ಪಾಕಶಾಸ್ತ್ರವೆಂದಲ್ಲದೆ ಕುತೂಹಲಕ್ಕೆಂದೇ ಓದತಕ್ಕದ್ದು.

ಕ್ರಮವು ಸರಳವಾದದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬಿಸಿನೀರಿನಲ್ಲಿ ನೆನೆಹಾಕಿ ತೆಗೆದ ಸಿಹಿರಸವನ್ನು ಹಾಪ್ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸಿ ಮುಚ್ಚಿಡುತ್ತಾರೆ. ಸಾಮಾನ್ಯವಾಗಿ ಒಂದು ಸಲಕ್ಕೆ 5 ಗ್ಯಾಲನ್, ಎಂದರೆ ಸುಮಾರು 19 ಲೀಟರು. ಕುದಿದ ರಸದಲ್ಲಿ ಗಾಳಿಯ ಅಂಶ ಉಳಿದಿರುವುದಿಲ್ಲವಾದ್ದರಿಂದಲೂ, ಯೀಸ್ಟು ತನ್ನ ಕೋಶಭಿತ್ತಿಯ ಒಳಪೊರೆಗೆ ಬೇಕಾದ ಸ್ಟೆರಾಲುಗಳನ್ನೂ ಮೇದಾಮ್ಲಗಳನ್ನೂ ಕಟ್ಟಿಕೊಳ್ಳುವುದು ಆಮ್ಲಜನಕದ ನೆರವಿನಿಂದಲೇ ಆದ್ದರಿಂದಲೂ, ಈ ಹೊತ್ತಿನಲ್ಲಿ ಪಾತ್ರೆಯನ್ನು ಚೆನ್ನಾಗಿ ಕುಲುಕಿ ರಸಕ್ಕೆ ಗಾಳಿಯನ್ನು ಉಣಿಸಬೇಕಾಗುತ್ತದೆ. ಲೀಟರಿಗೆ 8ರಿಂದ 10 ಮಿಲಿಗ್ರಾಂ ಆಮ್ಲಜನಕವಿದ್ದರೆ ಸಾಕು. ಕುಲುಕಿದ ಮಾತ್ರದಿಂದ ಹೆಚ್ಚುಕಡಿಮೆ ಎಂಟರವರೆಗೆ ಬರುತ್ತದೆ. ಈ ಉಣಿಸನ್ನು ಯೀಸ್ಟು ಕೆಲವೇ ಗಂಟೆಗಳಲ್ಲಿ ಹೀರಿ ಮುಗಿಸುತ್ತದೆ. ಮೊದಲ ದಿನ ಕಳೆಯಿತೆಂದರೆ, ಇದುವರೆಗೆ ತಾಯಿಯಂತೆ ಸಾಕಿದ ಗಾಳಿಯು ಆ ದ್ರವಕ್ಕೆ ಪರಮ ವೈರಿಯಾಗಿ ಪರಿಣಮಿಸುತ್ತದೆ.

ವೈರವೆಂತಹದು? ಹೆಚ್ಚಿದ ಬದನೆಕಾಯಿಯ ಹೋಳು ಕಪ್ಪಾಗದಂತೆ ನಮ್ಮ ಅಡುಗೆಮನೆಗಳಲ್ಲಿ ಅದನ್ನು ಒಡನೆಯೇ ನೀರಿನೊಳಗೆ ಹಾಕಿಡುವರಷ್ಟೆ. ಬಿಯರಿನಲ್ಲಿ ನಡೆಯುವುದೂ ಅದೇ ಜಾತಿಯ ಕಾರ್ಯ, ಆದರೆ ಅದನ್ನು ಮುಳುಗಿಸಿಡುವುದಕ್ಕೆ ಬೇರೆ ದ್ರವವಿಲ್ಲ. ಮೊದಲು ಮರೆಯಾಗುವುದು ಹಾಪಿನ ಪರಿಮಳ. ಈಚೆಗೆ ಅಮೆರಿಕದಲ್ಲಿ ಪ್ರಸಿದ್ಧವಾಗಿರುವ, ಹಾಪನ್ನು ಧಾರಾಳವಾಗಿ ಸುರಿದು ಮಾಡುವ ಮಬ್ಬುಬಣ್ಣದ ಬಿಯರುಗಳಂತೂ ಗಾಳಿ ತಾಗಿದ ಕೆಲವೇ ದಿನಗಳಲ್ಲಿ ಹೊಂಬಣ್ಣವನ್ನು ಕಳೆದುಕೊಂಡು ಕಂದಿದ ಬೂದುಬಣ್ಣಕ್ಕೆ ತಿರುಗುತ್ತವೆ. ಮದ್ಯಸಾರದ ಒಂದಂಶವು ಅಸಿಟಾಲ್ಡಿಹೈಡಾಗಿ ಮಾರ್ಪಟ್ಟು ಹಸಿ ಸೇಬಿನ ವಾಸನೆಯನ್ನು ಹುಟ್ಟಿಸುವುದೂ ಉಂಟು. ಕಡೆಗೆ ತಲೆಯೆತ್ತುವುದು ನೆನೆದ ರಟ್ಟಿನ ವಾಸನೆ. ಇದಕ್ಕೆ ಕಾರಣವೆಂದು 1970ರಲ್ಲಿ ಗುರುತಿಸಲ್ಪಟ್ಟ ಟ್ರಾನ್ಸ್-2-ನೊನೆನಾಲ್ ಎಂಬ ವಸ್ತುವು ಲೀಟರೊಂದರಲ್ಲಿ ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲಿದ್ದರೂ ಮನುಷ್ಯನ ಮೂಗಿಗೆ ಸಿಕ್ಕಿಬೀಳುತ್ತದೆ. ಕಬ್ಬಿಣ ಮತ್ತು ತಾಮ್ರದ ಅತ್ಯಲ್ಪಾಂಶಗಳು ಈ ಕಾರ್ಯವನ್ನು ಪ್ರಚೋದಿಸುತ್ತವೆಯಾದ್ದರಿಂದ, ಒಳಗೆ ಗೀರುಬಿದ್ದು ತುಕ್ಕುಹಿಡಿದ ಪಾತ್ರೆಯೂ ಈ ಅಪರಾಧದಲ್ಲಿ ಭಾಗಿಯೇ ಸರಿ.

ಪ್ರಮಾಣದ ಲೆಕ್ಕವನ್ನೊಮ್ಮೆ ನೋಡಿದರೆ ವಿಷಯದ ತೀವ್ರತೆ ಮನವರಿಕೆಯಾದೀತು. ದೊಡ್ಡ ಕಾರ್ಖಾನೆಗಳು ಮುಚ್ಚಳ ಹಾಕಿದ ಶೀಶೆಯೊಳಗೆ ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದಕ್ಕಿಂತ ಕಡಮೆ ಆಮ್ಲಜನಕವಿರಬೇಕೆಂದು ಶ್ರಮಿಸುತ್ತವೆ. ಮನೆಯಲ್ಲಿ 330 ಮಿಲಿಲೀಟರಿನ ಶೀಶೆಯನ್ನು ತುಂಬಿ, ಕೊರಳಿನಲ್ಲಿ 20 ಮಿಲಿಲೀಟರಿನಷ್ಟು ಜಾಗವನ್ನು ಬಿಟ್ಟು ಮುಚ್ಚಿದರೆ, ಆ ಇಷ್ಟೇ ಇಷ್ಟು ಗಾಳಿಯಲ್ಲಿಯೇ ಐದೂವರೆ ಮಿಲಿಗ್ರಾಂ ಆಮ್ಲಜನಕವಿರುತ್ತದೆ; ಅಂದರೆ ಲೀಟರಿಗೆ ಸುಮಾರು 17 ಮಿಲಿಗ್ರಾಂ, ಕಾರ್ಖಾನೆಯ ಮಿತಿಯ ನೂರೆಪ್ಪತ್ತು ಪಟ್ಟು. ನೊರೆಗೋಸ್ಕರ ಶೀಶೆಗೆ ಸಕ್ಕರೆ ಹಾಕಿದಾಗ ಮತ್ತೆ ಎಚ್ಚರಗೊಳ್ಳುವ ಯೀಸ್ಟು ಇದರಲ್ಲಿ ಒಂದು ಭಾಗವನ್ನು ಕಬಳಿಸಿ ಉಪಕರಿಸುವುದೇನೋ ನಿಜ. ಎಲ್ಲವನ್ನೂ ಅದು ನುಂಗಲಾರದು.

ಈಗ ಅವಘಡಗಳ ಮಾತಿಗೆ ಬರೋಣ. ಮನೆಯ ಬಿಯರುಗಾರನ ಉಪಕರಣಗಳು ಪ್ಲಾಸ್ಟಿಕ್ ಬಕೆಟ್ಟು, ಕಾರ್ಬಾಯ್ ಎಂಬ ದೊಡ್ಡ ಗಾಜಿನ ಬುದ್ದಲಿ, ರಬ್ಬರ್ ಬಿರಡೆ, ಸೈಫನ್ ನಳಿಗೆ ಮೊದಲಾದ ಸಾಧಾರಣ ಸಾಮಗ್ರಿಗಳಾದ್ದರಿಂದ, ಒಂದಲ್ಲ ಒಂದು ಕೈಕೊಡುವುದು ತಪ್ಪಿದ್ದಲ್ಲ. ಅವುಗಳಲ್ಲಿ ಅತ್ಯಂತ ಆರ್ಭಟದಿಂದ ಸಂಭವಿಸುವುದು ಏರ್‌ಲಾಕ್ ಕಟ್ಟಿಕೊಳ್ಳುವುದು. ಒಳಗಿನ ವಾಯು ಹೊರಬರಲು ಎಡೆಕೊಟ್ಟು ಹೊರಗಿನದು ಒಳನುಗ್ಗದಂತೆ ತಡೆಯುವ, ಅರ್ಧ ನೀರು ತುಂಬಿದ ಈ ಪುಟ್ಟ ಸಾಧನದೊಳಕ್ಕೆ ಹುದುಗಿನ ನೊರೆಯೂ ಹಾಪಿನ ಚೂರುಗಳೂ ಏರಿ ಸಿಕ್ಕಿಕೊಂಡವೆಂದರೆ, ವಾಯುವಿಗೆ ದಾರಿಯಿಲ್ಲದೆ ಒತ್ತಡವು ಬೆಳೆದು, ನಡುರಾತ್ರಿಯಲ್ಲಿ ಮುಚ್ಚಳವು ಸಿಡಿದು, ಕಂದುಬಣ್ಣದ ಜಿಗುಟು ರಸವು ಛಾವಣಿಯವರೆಗೆ ಚಿಮ್ಮುತ್ತದೆ. ಮನೆಯೊಡತಿಯ ಕೋಪವನ್ನು ಬಿಟ್ಟರೆ ಇದರಿಂದಾಗುವ ನಷ್ಟ ಅತ್ಯಲ್ಪವೆಂದರೆ ಓದುಗರು ನಂಬಲಾರರು. ಶೇಕಡ 5ರಷ್ಟು ಮದ್ಯಸಾರವುಳ್ಳ 19 ಲೀಟರು ಬಿಯರು ಹುದುಗುವಾಗ ಹೊಮ್ಮುವ ಇಂಗಾಲಾಮ್ಲವು ಸುಮಾರು 400 ಲೀಟರು. ಆ ಪ್ರವಾಹವು ಹೊರಕ್ಕೆ ಧುಮ್ಮಿಕ್ಕುತ್ತಿರುವಷ್ಟು ಕಾಲ ತೆರೆದ ಬಾಯಿಂದಲೂ ಗಾಳಿಯು ಒಳಹೊಗಲಾರದು, ಹೊಕ್ಕರೂ ಹಸಿದ ಯೀಸ್ಟು ಅದನ್ನು ಬಿಡದು. ಮುಚ್ಚಳವನ್ನು ತೊಳೆದು ಹಾಕಿ, ಕೆಟ್ಟ ಏರ್‌ಲಾಕಿನ ಬದಲಾಗಿ ಒಂದು ದಪ್ಪ ನಳಿಗೆಯನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಕ್ರಿಮಿನಾಶಕ ದ್ರವದ ಪಾತ್ರೆಯಲ್ಲಿ ಮುಳುಗಿಸಿಟ್ಟರೆ ಮುಗಿಯಿತು.

ಆದರೆ ಅದೇ ಮುಚ್ಚಳವು ಮೂರನೆಯ ದಿನಕ್ಕೆ ಬದಲಾಗಿ ಮೂರನೆಯ ವಾರದಲ್ಲಿ ತೆರೆದುಕೊಂಡರೆ? ಆಗ ಪ್ರವಾಹವಿಲ್ಲ, ಯೀಸ್ಟು ತಳದಲ್ಲಿ ಮಲಗಿದೆ, ಗಾಳಿಯನ್ನು ತಡೆಯುವವರಾರೂ ಇಲ್ಲ. ಸದ್ದುಗದ್ದಲವಿಲ್ಲದ ಈ ಎರಡನೆಯ ಬಗೆಯ ಅವಘಡಗಳೇ ನಿಜವಾಗಿ ಬಿಯರನ್ನು ಕೊಲ್ಲುವಂಥವು. ಇವುಗಳಲ್ಲಿ ಒಂದನ್ನು ಬಿಯರುಗಾರನು ತನ್ನ ಕೈಯಾರೆ ತಂದುಕೊಳ್ಳುತ್ತಾನೆ. ರಸವು ತಿಳಿಯಾಗಲೆಂದು ಪಾತ್ರೆಯನ್ನು ಶೀತಪೆಟ್ಟಿಗೆಯಲ್ಲಿಟ್ಟು 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿಸಿದಾಗ, ಮೇಲಿನ ವಾಯುವು ಶೇಕಡ 6ರಷ್ಟು ಕುಗ್ಗುವುದಲ್ಲದೆ, ತಣ್ಣಗಾದ ಬಿಯರು ಮೊದಲಿಗಿಂತ ಬಹಳ ಹೆಚ್ಚು ಇಂಗಾಲಾಮ್ಲವನ್ನು ತನ್ನಲ್ಲಿ ಕರಗಿಸಿಕೊಳ್ಳುವುದರಿಂದ, ತೆರವಾದ ಸ್ಥಳವನ್ನು ತುಂಬಲು ಹೊರಗಿನ ಗಾಳಿಯು ಏರ್‌ಲಾಕಿನ ನೀರನ್ನೂ ಎಳೆದುಕೊಂಡು ಒಳನುಗ್ಗುತ್ತದೆ. ಹುದುಗು ಜೋರಾಗಿದ್ದಾಗಲೇ ಅದರ ವಾಯುವನ್ನು ಬಲೂನಿನಲ್ಲಿ ತುಂಬಿಸಿಟ್ಟುಕೊಂಡು, ತಣಿಸುವಾಗ ಅದನ್ನೇ ಮರಳಿ ಉಸಿರಾಡಿಸುವ ಒಂದು ಜಾಣ ಉಪಾಯವನ್ನು ಕೆಲವರು ಅನುಸರಿಸುತ್ತಾರೆ.

ಮತ್ತೊಂದು ಅವಘಡವನ್ನು ಹತ್ತಿರದಿಂದ ನೋಡಬೇಕು. ಬಿಯರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಇಳಿಸುವಾಗ ಗಟ್ಟಿಯಾದ ಪ್ಲಾಸ್ಟಿಕ್ ಕೋಲಿಗೆ ಮೆತ್ತನೆಯ ನಳಿಗೆಯನ್ನು ಸಿಕ್ಕಿಸಿರುತ್ತಾರೆ. ಹಲವು ಸಲ ಬಿಸಿನೀರು ಕಂಡ ಆ ನಳಿಗೆಯ ಬಾಯಿ ಕಾಲಕ್ರಮದಲ್ಲಿ ಸಡಿಲವಾಗುತ್ತದೆ. ಸಂದಿಯಿಂದ ಬಿಯರು ಸೋರುವುದಿಲ್ಲ. ನಳಿಗೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ಕಡಮೆಯಿರುವುದರಿಂದ ಅಲ್ಲಿ ಗಾಳಿಯೇ ಒಳಕ್ಕೆ ಎಳೆಯಲ್ಪಟ್ಟು, ಸಾಸುವೆಯ ಗಾತ್ರದ ಗುಳ್ಳೆಗಳು ಸಾಲುಗಟ್ಟಿ ಹರಿವಿನೊಂದಿಗೆ ಕೆಳಗಿಳಿಯುತ್ತಿರುತ್ತವೆ. ನೋಡಲು ಏನೋ ಚೆಂದ. ಆದರೆ ಹದಿನೈದು ನಿಮಿಷದ ಆ ಇಳಿತದಲ್ಲಿ ಇಡೀ ಬಿಯರು ಆ ಸಂದಿಯನ್ನು ದಾಟಿ ಗಾಳಿಯಲ್ಲಿ ಮಿಂದೇ ಹೋಗುವುದು. ಹತ್ತು ರೂಪಾಯಿಯ ಒಂದು ಬಿಗಿಪಟ್ಟಿಯನ್ನು ಬಿಗಿದಿದ್ದರೆ ತಪ್ಪುತ್ತಿತ್ತು. ಗುಳ್ಳೆಗಳನ್ನು ಕಂಡು ಕಳವಳಗೊಂಡ ಮನುಷ್ಯನಾದರೋ ಮಾಡುವುದೇನು? ಸೈಫನನ್ನು ಕಿತ್ತು, ಮತ್ತೆ ಮತ್ತೆ ಪಂಪು ಮಾಡಿ, ಅದೂ ಸಾಗದಿದ್ದರೆ ಉಳಿದುದನ್ನು ಎತ್ತಿ ದಬದಬನೆ ಸುರಿದುಬಿಡುತ್ತಾನೆ. ಗುಳ್ಳೆಗಳು ಒಂದು ಗಂಟೆಯಲ್ಲಿ ಮಾಡುತ್ತಿದ್ದ ಕೇಡನ್ನು ಆ ಸುರಿವು ಒಂದು ನಿಮಿಷದಲ್ಲಿ ಮಾಡಿ ಮುಗಿಸುತ್ತದೆ. ಹುದುಗು ನಿಂತಿತೆಂದು ಶಂಕಿಸಿ ಸೌಟು ಹಾಕಿ ಕಲಕುವುದು, ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ಪೂರ್ತಿ ಬಿಯರನ್ನು ಬೇರೆ ಬಕೆಟ್ಟಿಗೆ ವರ್ಗಾಯಿಸುವುದು, ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸುವುದು, ಇವೆಲ್ಲ ಅದೇ ವರ್ಗಕ್ಕೆ ಸೇರಿದ ಉಪಚಾರಗಳು. ಅವಘಡಕ್ಕಿಂತ ಅದರ ಚಿಕಿತ್ಸೆಯೇ ಹೆಚ್ಚು ಬಿಯರನ್ನು ಕೆಡಿಸಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಬಟ್ಟಲನ್ನಿಟ್ಟು ಸುಮ್ಮನಿದ್ದರೆ ಹೋಗುವುದು ಅರ್ಧ ಲೀಟರು. ವರ್ಗಾಯಿಸಿದರೆ ಕೆಡುವುದು ಹತ್ತೊಂಬತ್ತು. ಪಪೇಜಿಯನನ ಉಪದೇಶವನ್ನು ನಾನು ಗೌರವಿಸುವುದು ಈ ಕಾರಣಕ್ಕೆ.

ಇದಕ್ಕೆ ಅಪವಾದವುಂಟು: ಗಾಜು. ರಸದ ಸಾಂದ್ರತೆಯನ್ನಳೆಯುವ ಹೈಡ್ರೋಮೀಟರು ಪಾತ್ರೆಯೊಳಗೇ ಒಡೆದುಹೋದರೆ, ಸುಮ್ಮನಿರುವುದು ಸರಿಯಲ್ಲ. ಅದರ ಬುಡದಲ್ಲಿ ಭಾರಕ್ಕಾಗಿ ಸೇರಿಸಿರುವ ಗುಂಡುಗಳು ಕೆಲವದರಲ್ಲಿ ಉಕ್ಕಿನವು, ಕೆಲವದರಲ್ಲಿ ಸೀಸದವು. ಬಿಯರು ಆಮ್ಲಗುಣವುಳ್ಳದ್ದಾದ್ದರಿಂದ ಸೀಸವು ಅದರಲ್ಲಿ ಕರಗಬಲ್ಲುದು. ಬಟ್ಟೆಯಲ್ಲಿ ಸೋಸಿ ಉಳಿಸಿಕೊಂಡವರುಂಟೆಂದು ಕೇಳುತ್ತೇವೆ. ಒಂದಿಷ್ಟು ಮಾಲ್ಟಿಗಾಗಿ ಗಂಟಲನ್ನು ಪಣಕ್ಕಿಡುವುದು ವಿವೇಕವಲ್ಲ. ಚೆಲ್ಲಿಬಿಡಬೇಕು. ಅದಕ್ಕಿಂತಲೂ ಭಯಂಕರವಾದುದು ಗಾಜಿನ ಕಾರ್ಬಾಯ್. ತುಂಬಿದಾಗ ಇಪ್ಪತ್ತು ಕಿಲೋಗ್ರಾಮಿಗೂ ಮಿಕ್ಕು ತೂಗುವ ಅದು ಒದ್ದೆ ಕೈಯಿಂದ ಜಾರಿಯೋ, ಕುದಿವ ರಸವನ್ನು ಸುರಿದಾಗ ಬಿರಿದೋ ಒಡೆದಾಗ ಕೈಕಾಲುಗಳ ಸ್ನಾಯುರಜ್ಜುಗಳೇ ಕತ್ತರಿಸಿಹೋದ ಪ್ರಸಂಗಗಳು ನಡೆದಿವೆ. ಈ ಭೀತಿಯಿಂದ ಅನೇಕರು ಪ್ಲಾಸ್ಟಿಕ್ಕಿಗೆ ಶರಣಾದರು. ಪ್ಲಾಸ್ಟಿಕ್ಕು ಒಡೆಯದು; ಆದರೆ ಗಾಜಿನ ಮೂಲಕ ಸ್ವಲ್ಪವೂ ನುಸುಳಲಾರದ ಆಮ್ಲಜನಕವು ಅದರ ಗೋಡೆಯ ಮೂಲಕ ನಿಧಾನವಾಗಿ ನುಸುಳಬಲ್ಲುದು. ಎರಡು ಮೂರು ವಾರಗಳ ವಾಸಕ್ಕೆ ಅದರಿಂದ ಬಾಧಕವಿಲ್ಲ, ಆರು ತಿಂಗಳಿಗೆ ಉಂಟು. ಸಿಲಿಕೋನ್ ನಳಿಗೆಯು ಈ ವಿಷಯದಲ್ಲಿ ಬಕೆಟ್ಟಿಗಿಂತಲೂ ಉದಾರಿ.

ಹವ್ಯಾಸಿಗಳಲ್ಲಿ ಬೇರೂರಿದ ಒಂದು ನಂಬಿಕೆಯನ್ನು ಇಲ್ಲಿ ಪರೀಕ್ಷಿಸದೆ ವಿಧಿಯಿಲ್ಲ. ಇಂಗಾಲಾಮ್ಲವು ಗಾಳಿಗಿಂತ ಭಾರವಾದುದರಿಂದ ಅದು ಬಿಯರಿನ ಮೇಲೆ ಕಂಬಳಿಯಂತೆ ಹಾಸಿಕೊಂಡಿದ್ದು ಕಾಪಾಡುತ್ತದೆಂದು ಅವರು ಹೇಳುವುದುಂಟು. ಪ್ರೀಸ್ಟ್ಲಿಯ ತೊಟ್ಟಿಯ ಮೇಲೆ ನಿಂತಿದ್ದ ಪದರವನ್ನು ಸಾಕ್ಷಿಗೆ ಕರೆದರೂ ಕರೆದಾರು. ಆದರೆ ಆ ಪದರವು ಉಳಿದಿದ್ದುದು ತೊಟ್ಟಿಯು ಕ್ಷಣಕ್ಷಣಕ್ಕೂ ಹೊಸ ವಾಯುವನ್ನು ಒದಗಿಸುತ್ತಿದ್ದುದರಿಂದ. ಒದಗಣೆ ನಿಂತೊಡನೆ ವಾಯುಗಳು ಭಾರವನ್ನೆಣಿಸದೆ ಒಂದರೊಳಗೊಂದು ಬೆರೆತುಹೋಗುತ್ತವೆ. ಆದುದರಿಂದ ಕೆಗ್ಗುಗಳೆಂಬ ಲೋಹದ ಪೀಪಾಯಿಗಳನ್ನು ಬಳಸುವವರು, ಮೇಲಿಂದೊಂದಿಷ್ಟು ಇಂಗಾಲಾಮ್ಲವನ್ನು ಊದಿ ತೃಪ್ತರಾಗದೆ, ಕೆಗ್ಗನ್ನು ಕ್ರಿಮಿನಾಶಕ ದ್ರವದಿಂದ ಅಂಚಿನವರೆಗೆ ತುಂಬಿ, ಆ ದ್ರವವನ್ನು ಇಂಗಾಲಾಮ್ಲದ ಒತ್ತಡದಿಂದಲೇ ಹೊರದೂಡಿ, ತೆರವಾದ ಕೆಗ್ಗಿಗೆ ಮುಚ್ಚಿದ ನಳಿಗೆಯ ಮೂಲಕ ಬಿಯರನ್ನು ಹರಿಸುತ್ತಾರೆ. ಅದು ಸಾಧ್ಯವಾಗದೆ ಗಾಳಿಯಿರುವ ಕೆಗ್ಗಿಗೆ ವಾಯುವನ್ನು ತುಂಬಿ ತುಂಬಿ ಬಿಡುವುದಾದರೆ ಲೆಕ್ಕ ಹೀಗೆ: ಪ್ರತಿ ಸಲ ಚದರ ಅಂಗುಲಕ್ಕೆ 30 ಪೌಂಡ್ ಒತ್ತಡಕ್ಕೆ ಏರಿಸಿ ಇಳಿಸಿದಾಗ ಒಳಗಿನ ಆಮ್ಲಜನಕವು ಮೂರರಲ್ಲೊಂದಕ್ಕೆ ಇಳಿಯುತ್ತದೆ, ಶೇಕಡ 21 ಇದ್ದುದು ಮೊದಲ ಸಲಕ್ಕೆ 7, ಎರಡನೆಯದಕ್ಕೆ ಎರಡೂ ಕಾಲು. ಮೂರು ಸಲಕ್ಕೆ ಕೈಬಿಡುವವರೇ ಹೆಚ್ಚು. ಆದರೆ ಹತ್ತು ಸಲವಾದ ಮೇಲೆಯೇ ಅದು ದಶಲಕ್ಷದಲ್ಲಿ ನಾಲ್ಕು ಭಾಗದ ಸಮೀಪಕ್ಕೆ ಬರುವುದು.

ಶೀಶೆಯಲ್ಲಿಯೇ ತುಂಬುವ ಬಡಪಾಯಿಗೂ ಒಂದು ಉಪಾಯವಿದೆ. 1892ರಲ್ಲಿ ಬಾಲ್ಟಿಮೋರಿನ ವಿಲಿಯಂ ಪೇಂಟರ್ ಹಕ್ಕುಪತ್ರ ಪಡೆದ ಕಿರೀಟಾಕೃತಿಯ ತಗಡಿನ ಮುಚ್ಚಳವನ್ನು ಒಡನೆಯೇ ಬಿಗಿಯದೆ, ನೊರೆಯು ಕೊರಳಿನ ತುದಿಯವರೆಗೆ ಏರಿ ಗಾಳಿಯನ್ನು ಹೊರದೂಡುವ ಆ ಕ್ಷಣವನ್ನು ಕಾದು ಬಿಗಿದರೆ, ಮೇಲೆ ಹೇಳಿದ 20 ಮಿಲಿಲೀಟರು ಗಾಳಿಯಲ್ಲಿ ಬಹುಪಾಲು ಹೊರಗುಳಿಯುತ್ತದೆ. ಸಕ್ಕರೆಯ ವಿಷಯದಲ್ಲಿ ಮಾತ್ರ ಕೈ ಹಿಡಿತವಿರಲಿ. ಲೀಟರಿಗೆ 6 ಗ್ರಾಂ ಸಾಕಾಗುವೆಡೆ ದುಪ್ಪಟ್ಟು ಹಾಕಿದರೆ ಅಥವಾ ಹುದುಗು ಮುಗಿಯುವ ಮೊದಲೇ ತುಂಬಿದರೆ ಶೀಶೆಯು ಸಿಡಿಗುಂಡಾಗುತ್ತದೆ.

ಕುದಿಯುವ ಹಂತದಲ್ಲಿಯೇ ಬಿಸಿ ರಸಕ್ಕೆ ಗಾಳಿ ತಾಗಿದರೆ ಕೇಡೋ ಅಲ್ಲವೋ ಎಂಬುದರ ಬಗ್ಗೆ ಪಂಡಿತರಲ್ಲಿ ದೀರ್ಘವಾದ ವಾದವೇ ನಡೆದಿದೆ. ಕಡೆಗಾಲದ ಗಾಳಿಯನ್ನು ಗೆಲ್ಲದವನು ಮೊದಲ ಗಾಳಿಗೆ ಹೆದರಿ ಫಲವಿಲ್ಲವಾದ್ದರಿಂದ ಅದನ್ನು ಇಲ್ಲಿಗೆ ಬಿಡುತ್ತೇನೆ.

ಒಮ್ಮೆ ರಟ್ಟಿನ ವಾಸನೆ ಬಂದ ಬಿಯರನ್ನು ಹಿಂದಕ್ಕೆ ತರುವ ಔಷಧವಿಲ್ಲ. ಮುಂಚಿತವಾಗಿ ಹಾಕಿದ ಚಿಟಿಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟು ಒಂದಿಷ್ಟು ಆಮ್ಲಜನಕವನ್ನು ಕಟ್ಟಿಹಾಕೀತು. ಶೈತ್ಯವು ಕ್ಷಯವನ್ನು ನಿಧಾನಗೊಳಿಸೀತು. ಗಾಳಿ ತಾಗಿದೆಯೆಂಬ ಗುಮಾನಿ ಬಂದರೆ ಶೀಶೆಗಳನ್ನು ಕೂಡಲೇ ತಂಪಿಗೆ ಸೇರಿಸಿ, ಮಿತ್ರರನ್ನು ಬೇಗ ಕರೆದು ಖರ್ಚುಮಾಡಿಬಿಡುವುದೇ ಜಾಣತನ.

ಗಾಳಿಯನ್ನು ಬೇಕೆಂದೇ ಬರಮಾಡಿಕೊಳ್ಳುವ ಸಂಪ್ರದಾಯವೊಂದು ಬೆಲ್ಜಿಯಂ ದೇಶದಲ್ಲಿದೆ. ಪಶ್ಚಿಮ ಫ್ಲಾಂಡರ್ಸಿನ ರೂಸೆಲಾರೆಯಲ್ಲಿರುವ ರೋಡೆನ್‌ಬಾಕ್ ಕಾರ್ಖಾನೆಯಲ್ಲಿ ಆಳೆತ್ತರವನ್ನೂ ಮೀರಿದ ಓಕ್ ಮರದ ಪೀಪಾಯಿಗಳೊಳಗೆ ಬಿಯರನ್ನು ಎರಡು ವರ್ಷದಷ್ಟು ಕಾಲ ಇಟ್ಟು, ಮರದ ರಂಧ್ರಗಳಿಂದ ಕಿಂಚಿತ್ ಕಿಂಚಿತ್ತಾಗಿ ನುಸುಳುವ ಗಾಳಿಯಿಂದ ಅದನ್ನು ಹುಳಿಗೊಳಿಸಿ, ಬಳಿಕ ಹೊಸ ಬಿಯರಿನೊಂದಿಗೆ ಮಿಶ್ರಮಾಡುತ್ತಾರೆ. ತಮ್ಮ ಬಕೆಟ್ಟಿನಲ್ಲಿ ಕೆಟ್ಟದ್ದಕ್ಕೆ ಫ್ಲಾಂಡರ್ಸಿನ ಹೆಸರಿಟ್ಟು ಅತಿಥಿಗಳಿಗೆ ಹಂಚುವ ಹವ್ಯಾಸಿಗಳೂ ಇಲ್ಲದಿಲ್ಲ. ಆದರೆ ಸಡಿಲವಾದ ಮುಚ್ಚಳದಡಿ ಧಾರಾಳವಾಗಿ ಗಾಳಿ ಕುಡಿದ ಬಿಯರಿನಲ್ಲಿ ಬೆಳೆಯುವುದು, 1868ರಷ್ಟು ಹಿಂದೆಯೇ ಲೂಯಿ ಪಾಶ್ಚರನು ತನ್ನ ಗ್ರಂಥದಲ್ಲಿ ವರ್ಣಿಸಿದ, ಗಾಳಿಯಿಲ್ಲದೆ ಬಾಳಲಾರದ ವಿನೆಗರಿನ ಜೀವಾಣು. ಅಂತಹ ಬಿಯರು ಲೋಟಕ್ಕಿಂತ, ಇಂಗ್ಲಿಷರು ಹುರಿದ ಮೀನು ಆಲೂಗಡ್ಡೆಯ ಮೇಲೆ ಚಿಮುಕಿಸಿಕೊಳ್ಳುವ ಮಾಲ್ಟ್ ವಿನೆಗರಿನ ಶೀಶೆಗೇ ಹೆಚ್ಚು ಯೋಗ್ಯವಾದುದು.